ಡಬ್ಬಿಗೆ ಹೋಗದ ಫೋನು

ನನ್ನ ಗಂಡನ ಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ, ಅವರ ಶಾಲೆಯ ಚೀಲದೊಳಗಿನಿಂದ ಬೆಕ್ಕು ಕೂಗಿತು.

ಅದು ಅಲಾರಂ. ಫೋನು ನಮ್ಮ ಭಾವನ ಮಗಳು, ನನ್ನ ಗಂಡ ಮೇಷ್ಟ್ರಾಗಿದ್ದ ಶಾಲೆಯಲ್ಲೇ ಓದುವ ಚುಕ್ಕಿಯದು. ತಮ್ಮದು ಕೆಟ್ಟಿದೆಯೆಂದು ನನ್ನವರು ಅವಳಿಂದ ತೆಗೆದುಕೊಂಡಿದ್ದರು. ಬೆಕ್ಕನ್ನು ಬದಲಿಸಿರಲಿಲ್ಲ. ದಿನವೂ ಕಣ್ಣುಮುಚ್ಚಿಕೊಂಡೇ, "ಎದ್ದೆ ಕಣೇ, ಎದ್ದೆ" ಎಂದು ಅದಕ್ಕೇ ಉತ್ತರ ಕೊಡುತ್ತಿದ್ದರು. ಇಂದು ಅದು ಕೂಗಿ ಕೂಗಿ ತಾನೇ ಸುಮ್ಮನಾಯಿತು. ರಾತ್ರಿ ಅದನ್ನು ಚಾರ್ಜ್ ಮಾಡಿಟ್ಟವಳು ನಾನೇ. ಯಾಕೆಂದು ಹೇಳಲಾರೆ.

ಈ ಮನೆಯಲ್ಲೊಂದು ಪದ್ಧತಿಯಿದೆ. ಊಟಕ್ಕೆ ಮೊದಲು ಮಕ್ಕಳ ಫೋನುಗಳು ಬಿಸ್ಕತ್ತಿನ ಡಬ್ಬಿಗೆ ಬೀಳಬೇಕು. ಭಾವ ತೆರೆದು ನೋಡುತ್ತಾರೆ. ಚುಕ್ಕಿಯ ಅಕ್ಕನಿಗೆ ಯಾರೋ ಹುಡುಗ ಏನೋ ಬರೆದಿದ್ದ. ಅವಳ ಕಾಲೇಜು ನಿಂತಿತು, ಮದುವೆಯೂ ಆಗಿಹೋಯಿತು. ಅವಳನ್ನು ಯಾರೂ ಏನೂ ಕೇಳಲಿಲ್ಲ.

"ತಮ್ಮ ಚುಕ್ಕಿ ಫೋನ್ ಎಲ್ಲಿಟ್ಟಿದ್ನೋ ನೋಡಮ್ಮ," ಎಂದರು ಭಾವ, ಕಾಫಿ ಕುಡಿಯುತ್ತ. "ಇವತ್ತಿಂದ ಡಬ್ಬಿಗೆ ಬರ್ಲಿ."

ಚುಕ್ಕಿ ನನ್ನ ಹಿಂದೆಯೇ ಕೋಣೆಗೆ ಬಂದಳು.

"ಚಿಕ್ಕಮ್ಮ, ಕೊಡ್ಬೇಡಿ. ಕೊಡೋದಾದ್ರೆ ಎಲ್ಲಾ ಅಳಿಸಿ ಕೊಡಿ."

"ಏನಿದೆ ಅದರಲ್ಲಿ?"

ಗೇಮ್ ಆಡುತ್ತ ಪರಿಚಯವಾದವನು. ತನ್ನ ವಯಸ್ಸಿನವನೇ ಎಂದುಕೊಂಡು ಒಂದು ಫೋಟೋ ಕಳಿಸಿದ್ದಳು. ಈಗ ಅದನ್ನು ಕೆಟ್ಟದಾಗಿ ತಿದ್ದಿ ಕ್ಲಾಸಿಗೆಲ್ಲ ಹಂಚುತ್ತೇನೆ, ಇಲ್ಲವೇ ಹೇಳಿದಲ್ಲಿಗೆ ಬಾ ಎನ್ನುತ್ತಿದ್ದಾನೆ. ಡಬ್ಬಿಗೆ ಹೆದರಿ ಅವಳು ಪ್ರತಿ ಸಂಜೆ ಎಲ್ಲವನ್ನೂ ಅಳಿಸುತ್ತಿದ್ದಳು.

"ಚಿಕ್ಕಪ್ಪ ಕ್ಲಾಸಲ್ಲಿ ಹೇಳಿದ್ರು, ಯಾರಾದ್ರೂ ಹೆದರಿಸಿದ್ರೆ ಅಳಿಸ್ಬೇಡಿ, ಒಬ್ರಿಗಾದ್ರೂ ಹೇಳಿ ಅಂತ. ಬೆಲ್ ಆದ್ಮೇಲೆ ಹೇಳ್ದೆ. 'ಹಾಗಾದ್ರೆ ಫೋನ್ ನಂಗೆ ಸಾಲ ಕೊಡು. ನಾನು ದೊಡ್ಡೋನು, ನನ್ನನ್ನ ಯಾರೂ ಡಬ್ಬಿಗೆ ಹಾಕಲ್ಲ' ಅಂದ್ರು."

"ಬೈದ್ರಾ?"

"ಇಲ್ಲ. ಬೆಕ್ಕೇ ಬೇಕಿತ್ತಾ, ಕೋಳಿ ಸಿಗ್ಲಿಲ್ವಾ ಅಂದ್ರು."

ನನಗೆ ನಗು ಬಂತು. ದೂರು ಕೊಡಲು ಅವರಿಬ್ಬರೂ ಠಾಣೆಗೆ ಹೋಗಬೇಕಿತ್ತಂತೆ. ಅಷ್ಟರಲ್ಲಿ ಅವರು ತರಗತಿಯಲ್ಲೇ ಕುಸಿದುಬಿದ್ದರು. ಕಪಾಟು ತೆರೆದೆ. ಅಂಗಿಗಳ ಕೆಳಗೆ, ಕೆಟ್ಟಿದೆ ಎಂದಿದ್ದ ಅವರ ಫೋನು ಸರಿಯಾಗಿಯೇ ಇತ್ತು. ಅಂಗಿಗಳಲ್ಲಿ ಇನ್ನೂ ಅವರ ವಾಸನೆ. ನನಗೂ ಸುಳ್ಳು ಹೇಳಿದಿರಲ್ಲ ಎಂದು ಜಗಳವಾಡಲು ಒಂದೇ ಒಂದು ಸಂಜೆ ಸಿಗಬಾರದಿತ್ತೆ?

"ನಾನು ನಿಮ್ಮಪ್ಪಂಗೆ ಹೇಳ್ಲಾ, ಚುಕ್ಕಿ?"

ಅವಳು ನನ್ನ ಸೆರಗು ಹಿಡಿದುಕೊಂಡು ಹೂಂ ಎಂದು ತಲೆಯಾಡಿಸಿದಳು.

ಹೇಳಿದೆ. ಭಾವ ಎದ್ದು ನಿಂತರು. "ತಾ ಇಲ್ಲಿ ಫೋನು! ನಾಳೆಯಿಂದ ಸ್ಕೂಲೂ ಬೇಡ, ಏನೂ ಬೇಡ."

"ಹೆಣ್ಮಕ್ಳ ಕೈಗೆ ಅದನ್ನ ಕೊಟ್ಟಿದ್ದೇ ತಪ್ಪು," ಎಂದರು ಅತ್ತೆ. "ನಾವೆಲ್ಲ ಫೋನಿಲ್ದೆ ಬದುಕ್ಲಿಲ್ವಾ?"

"ಹೆದರಿಸಿದ್ದು ಅವನು, ಭಾವ. ಆದ್ರೆ ಅವಳು ಅವನಿಗಿಂತ ಹೆಚ್ಚು ಹೆದರಿದ್ದು ನಿಮ್ಗೆ. ಅವನ ವಿರುದ್ಧ ಇದ್ದ ಸಾಕ್ಷೀನ ದಿನಾ ತಾನೇ ಕೈಯಾರೆ ಅಳಿಸಿದಾಳೆ. ಈಗ ಸ್ಕೂಲ್ ಬಿಡಿಸಿದ್ರೆ ಶಿಕ್ಷೆ ಯಾರಿಗೆ?"

"ಪೊಲೀಸು ಗಿಲೀಸು ಅಂತ ಹೋದ್ರೆ ಮನೆ ಮರ್ಯಾದೆ ಏನಾಗುತ್ತೆ, ಗೊತ್ತಾ?"

"ನಿಮ್ಮ ತಮ್ಮ ಹೋಗ್ಬೇಕು ಅಂದ್ಕೊಂಡಿದ್ರು. ಅವರ ಬದಲು ನಾನು ಹೋಗ್ತೀನಿ."

ಭಾವ ಚಾಚಿದ ಕೈ ಹಾಗೆಯೇ ಇತ್ತು. ನಾನು ಫೋನನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಅಡುಗೆಮನೆಯಲ್ಲಿ ಒಲೆ ಸಣ್ಣ ಮಾಡಿ ಕೇಳಿಸಿಕೊಳ್ಳುತ್ತಿದ್ದ ಚುಕ್ಕಿಯ ಅಮ್ಮ ಬಾಗಿಲಿಗೆ ಬಂದರು. ಹಿರಿಮಗಳ ಮದುವೆಯ ದಿನವೂ ಬಾಯಿಬಿಡದವರು.

"ಬೇಗ ಬನ್ನಿ," ಎಂದರು. "ಊಟಕ್ಕೆ ಕಾಯ್ತಿರ್ತೀನಿ."

ಠಾಣೆಯಲ್ಲಿ ಒಬ್ಬ ಮಹಿಳಾ ಅಧಿಕಾರಿ, ಫೋನು ನನ್ನ ಗಂಡನ ಬಳಿ ಇದ್ದಾಗ ಬಂದಿದ್ದ ಪ್ರತಿಯೊಂದು ಸಂದೇಶವನ್ನೂ ನಕಲು ಮಾಡಿಕೊಂಡರು. "ಅಳಿಸದೆ ಇಟ್ಟಿದ್ದು ಒಳ್ಳೇದಾಯ್ತು. ಯಾರು ಹೇಳ್ಕೊಟ್ರು?" ಎಂದರು.

"ನಮ್ಮ ಮೇಷ್ಟ್ರು," ಎಂದಳು ಚುಕ್ಕಿ.

ಹೊರಗೆ ಮೆಟ್ಟಿಲ ಮೇಲೆ ಫೋನನ್ನು ಅವಳ ಕೈಗಿಟ್ಟೆ. "ನಿನ್ನಿಂದ ತಗೊಂಡಿದ್ರಲ್ಲ, ತಗೋ."

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬೆಕ್ಕನ್ನ ತೆಗೆದುಬಿಡ್ಲಾ, ಚಿಕ್ಕಮ್ಮ?"

"ಬೇಡ. ನಮ್ಮಿಬ್ರ ರೂಮಿನ ಮಧ್ಯೆ ಒಂದೇ ಗೋಡೆ ಅಲ್ವಾ? ಬೆಳಿಗ್ಗೆ ಕೂಗಿದ್ರೆ ನಂಗೂ ಕೇಳ್ಸುತ್ತೆ."