ಸುಟ್ಟುಹೋದ ಟೊಂಗೆ

ನಾನೊಂದು ಲಿಂಬೆ ಗಿಡ. ಮೊಳೆತು ಎರಡೆಲೆ ಬಿಟ್ಟಾಗಲೇ ವಿಷದ ರುಚಿ ಕಂಡೆ. ವಿಜಯಪುರ ಸೀಮೆಯ ಒಂದು ಹಣ್ಣಿನ ಸಂಶೋಧನಾ ತೋಟದ ಸುನಂದಾ ಮೇಡಂ ಕಾಲ್ಚಿಸಿನ್ ಎಂಬ ಔಷಧದಲ್ಲಿ ಹತ್ತಿ ಅದ್ದಿ ನಮ್ಮ ಸುಳಿಯ ಮೇಲಿಟ್ಟರು. ನಮ್ಮೊಳಗಿನ ವರ್ಣತಂತುಗಳು ಎರಡು ಪಟ್ಟಾಗಲಿ ಎಂಬುದು ಅವರ ಆಸೆ. ಅಂಥ ಗಿಡದ ಹೂವಿಗೆ ಸಾಮಾನ್ಯ ಲಿಂಬೆಯ ಪರಾಗ ಸೋಕಿಸಿದರೆ, ಮುಂದೆ ಬೀಜವೇ ಇಲ್ಲದ ಹಣ್ಣಿನ ಸಸಿ ಸಿಗಬಹುದಂತೆ.

ಅರವತ್ತು ಸಸಿಗಳಲ್ಲಿ ಐವತ್ತೆರಡು ಸತ್ತವು. ಉಳಿದವುಗಳಲ್ಲಿ ಔಷಧ ನಾಟಿದ್ದು ನನಗೆ ಮಾತ್ರ, ಅದೂ ಒಂದೇ ಟೊಂಗೆಗೆ. ಅದರ ಎಲೆ ದಪ್ಪ, ಸೊಟ್ಟ, ಬೆಳವಣಿಗೆಯೋ ಆಮೆಯದು. ಚೆಂದವೇನೂ ಇರಲಿಲ್ಲ. ಆದರೂ ಮೇಡಂ ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ನೋಡದೆ ಆಫೀಸಿಗೆ ಹೋದವರಲ್ಲ.

ಆರನೆಯ ವರ್ಷ ಆ ಟೊಂಗೆಗೆ ಮೊದಲ ಮೊಗ್ಗು ಬಂತು. ಮೇಡಂ ನಿವೃತ್ತಿಗೆ ಎಂಟು ತಿಂಗಳಿತ್ತು. ಅರಳುವಷ್ಟರಲ್ಲಿ ಬಂದುಬಿಡೋಣವೆಂದು ಅವರು ಎರಡು ದಿನದ ಸಭೆಗೆ ಹೋದರು. ಟೊಂಗೆಗೆ ಒಂದು ಚೀಟಿಯನ್ನೂ ಕಟ್ಟಿರಲಿಲ್ಲ. ಅವರಿಗದು ಕಣ್ಣು ಮುಚ್ಚಿದರೂ ಗೊತ್ತಿತ್ತಲ್ಲ!

ಅದೇ ವಾರ ಸಿದರಾಯ ನಮ್ಮ ಕಡೆಗೆ ಕೆಲಸಕ್ಕೆ ಬಂದಿದ್ದ. ಇಪ್ಪತ್ತು ವರ್ಷ ದಾಳಿಂಬೆ ನೋಡಿಕೊಂಡವನು. ದಾಳಿಂಬೆಯಲ್ಲಿ ರೋಗದ ಟೊಂಗೆ ಕಂಡರೆ ಕಡಿದು ಸುಡುವುದೇ ರೂಢಿ. ಆ ಸೊಟ್ಟ ಎಲೆ ಕಂಡು ಅವನು ಮಾಡಿದ್ದೂ ಅದನ್ನೇ.

“ಬ್ಯಾನಿ ಬಿದ್ದಿತ್ರೀ ಮೇಡಂ. ಉಳದ ಗಿಡಕ್ಕ ಹತ್ತಬಾರ್ದಂತ ಕಡದು ಸುಟ್ಟೀನ್ರಿ,” ಎಂದು ಮೇಡಂ ಮರಳಿದಾಗ ಹೆಮ್ಮೆಯಿಂದಲೇ ಹೇಳಿದ.

ಮೇಡಂ ಬೂದಿಯ ಮುಂದೆ ಕುಳಿತು ಕಡ್ಡಿಯಿಂದ ಕೆದಕಿದರು.

“ಒಂದ ಚಿಗುರು ಹಸಿ ಉಳದಿದ್ರೂ ಕಸಿ ಕಟ್ತಿದ್ದೆ ಸಿದರಾಯಪ್ಪ. ನಿಮಗ ಹೇಳದ ಹೋಗಿದ್ದು ನಂದ ತಪ್ಪು.”

ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ. ಅವನು ಅಂದು ಬುತ್ತಿ ಬಿಚ್ಚಲಿಲ್ಲ. ಮರುದಿನದಿಂದ ಇಬ್ಬರೂ ನನ್ನ ಒಂದೊಂದು ಚಿಗುರನ್ನೂ ತಿರುವಿ ನೋಡಿದರು. ಎಲ್ಲವೂ ತೆಳ್ಳಗಿನ ಎಲೆ. ನಾನೂ ಒಳಗೊಳಗೇ ಹುಡುಕಿದೆ. ಏನೂ ಇರಲಿಲ್ಲ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಮೇಡಂ ಅವರ ಬೀಳ್ಕೊಡುಗೆಯ ದಿನ ತೋಟದವರು ನನ್ನ ಹಣ್ಣುಗಳನ್ನೇ ಕಿತ್ತು ಶರಬತ್ತು ಮಾಡಿದರು. ಮೇಡಂ ಕಣ್ಣಿಗೆ ಒಂದು ಬೀಜವೂ ಬೀಳಬಾರದೆಂದು ಸಿದರಾಯ ಮೂರು ಸಲ ಬಟ್ಟೆಯಲ್ಲಿ ಸೋಸಿದ. ಮೇಡಂ ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡಿ, “ಚಲೋ ಆಗೈತಿ,” ಎಂದು ಕುಡಿದರು.

ಸೋಸಿದ ಬೀಜಗಳನ್ನು ಅವನು ನನ್ನ ಬುಡಕ್ಕೆ ಚೆಲ್ಲಿ ಹೋದ. ಈಗ ನಾನು ಮುದಿ ಗಿಡ, ಅರ್ಧ ಒಣಗಿದ್ದೇನೆ. ಆ ಬೀಜಗಳು ಮಾತ್ರ ಮೊಳೆತು ಹಣ್ಣು ಬಿಡುತ್ತಿವೆ. ಒಂದೊಂದು ಹಣ್ಣಿನಲ್ಲೂ ಹತ್ತು ಹನ್ನೆರಡು ಬೀಜ.