ಗೇಟಿನ ಈಚೆ ಬದಿ

ಡ್ವೇನ್ ಬ್ರೇಕ್ ಒತ್ತಿದ ರಭಸಕ್ಕೆ ಪಿಕಪ್ ಗಾಡಿಯ ಹಿಂಬದಿಯಲ್ಲಿದ್ದ ಅಮ್ಮನ ಶವಪೆಟ್ಟಿಗೆ ಒಂದು ಗೇಣು ಮುಂದಕ್ಕೆ ಜರುಗಿತು.

"ಮೆಲ್ಲಗೋ!" ಎಂದಳು ಪಕ್ಕದಲ್ಲಿ ಕೂತಿದ್ದ ಲೋರ್ನಾ.

"ನನ್ನ ಬಯ್ಬೇಡಕ್ಕ, ಮುಂದೆ ನೋಡು."

ಸ್ಮಶಾನದ ಗೇಟಿನೆದುರು ಏಳೆಂಟು ಜನ ಫಲಕ ಹಿಡಿದು ಸುತ್ತು ಹಾಕುತ್ತಿದ್ದರು. ಗುಂಡಿ ತೋಡುವವರು, ಹುಲ್ಲು ಕತ್ತರಿಸುವವರು. ಅಮ್ಮ ಹಿಲ್ಯಾಳ ಗುಂಡಿಯನ್ನು ನಿನ್ನೆ ಸಂಜೆಯೇ ಅಚ್ಚುಕಟ್ಟಾಗಿ ತೋಡಿಟ್ಟು, ಇವತ್ತು ಬೆಳಿಗ್ಗೆಯಿಂದ ಮುಷ್ಕರ ಹೂಡಿದ್ದರು. ಪಿಕಪ್ಪಿನ ಹಿಂದೆ ಬರುತ್ತಿದ್ದ ಕಾರುಗಳೂ ಒಂದೊಂದಾಗಿ ನಿಂತವು.

ಮುಷ್ಕರದವರ ಮುಂದಾಳು ಟ್ರೂಡಿ ಟೋಪಿ ತೆಗೆದು ಕಿಟಕಿಯ ಹತ್ತಿರ ಬಂದಳು. "ಬೇಜಾರು ಮಾಡ್ಕೋಬೇಡ್ರಪ್ಪ. ನೀವು ಹೋಗಿ. ಸ್ಕೂಲಲ್ಲಿ ನಿಮ್ಮಮ್ಮ ಬಡಿಸಿದ್ದನ್ನ ತಿಂದೇ ಬೆಳೆದೋರು ನಾವೆಲ್ಲ. ಅವರನ್ನ ತಡೆಯೋಕೆ ನಿಂತಿಲ್ಲ ಇಲ್ಲಿ." ಹೇಳಿ, ತನ್ನವರನ್ನು ಪಕ್ಕಕ್ಕೆ ಸರಿಸಿದಳು.

ಡ್ವೇನ್ ಎಂಜಿನ್ ಆರಿಸಿದ.

"ಯಾಕೋ?"

"ಮುಷ್ಕರ ನಿಂತಿರೋ ಗೇಟು ದಾಟಲ್ಲ."

"ಅವಳೇ ಹೋಗಿ ಅಂತಿದಾಳಲ್ಲ!"

"ಅಮ್ಮ ದಾಟ್ತಿದ್ಲಾ?"

ಲೋರ್ನಾಗೆ ರೇಗಿತು. "ಕಳೆದ ಸಲ ಯೂನಿಯನ್ನೇ ಬೇಡ ಅನ್ನೋರಿಗೆ ವೋಟು ಒತ್ತಿ ಬಂದೋನು ನೀನು. ನನಗೆ ಪಾಠ ಹೇಳ್ತೀಯಾ?"

"ನಿಮ್ಮ ಮಿನಿಯಾಪೊಲಿಸ್ ಸಿಟಿಯೋರು ಕಾಫಿ ಕುಡೀತಾ ಕೂತು, ನಮ್ಮ ಗಣಿ ಮುಚ್ಚಿ ಅಂತ ಸಹಿ ಹಾಕಿದ್ರಲ್ಲ, ಆಮೇಲೆ ಒತ್ತಿದೆ. ಅದು ವೋಟು ಕಣೆ. ಇದು ಟ್ರೂಡಿ."

* * *

ಲೋರ್ನಾಗೆ ಡಾಕ್ಟರೇಟ್ ಕೊಟ್ಟ ದಿನ ವಿಶ್ವವಿದ್ಯಾಲಯದ ಗುಮಾಸ್ತರು ಸಭಾಂಗಣದ ಬಾಗಿಲಲ್ಲಿ ಮುಷ್ಕರ ನಡೆಸುತ್ತಿದ್ದರು. ಪ್ರಾಧ್ಯಾಪಕರು ಅವರ ಕೈ ಕುಲುಕಿ, ಅವರು ಕೊಟ್ಟ ಬ್ಯಾಡ್ಜನ್ನು ಕರಿಯ ನಿಲುವಂಗಿಗೆ ಚುಚ್ಚಿಕೊಂಡು ಒಳಗೆ ಹೋದರು. ಲೋರ್ನಾಳೂ ಚುಚ್ಚಿಕೊಂಡಳು. ಗಣಿಯೂರಿನಿಂದ ಬಸ್ಸು ಹಿಡಿದು ಬಂದಿದ್ದ ಹಿಲ್ಯಾ ಮಾತ್ರ ಮೆಟ್ಟಿಲ ಕೆಳಗೇ ನಿಂತಳು.

"ನೀನು ಹೋಗಿ ಬಾ ಮಗಳೇ. ನಾನಿಲ್ಲೇ ಇರ್ತೀನಿ."

"ಅಮ್ಮಾ, ಇವತ್ತು ನನ್ನ ದಿನ."

"ಗೊತ್ತು. ಅದಕ್ಕೇ ಹೊಸ ಕೋಟು ತಗೊಂಡಿದ್ದು."

ಲೋರ್ನಾ ಪದವಿಪತ್ರ ಹಿಡಿದು ಹೊರಗೆ ಬಂದಾಗ, ಹಿಲ್ಯಾ ಮನೆಯಿಂದ ತಂದ ಏಲಕ್ಕಿ ಬ್ರೆಡ್ಡನ್ನು ಗುಮಾಸ್ತರಿಗೆ ಹಂಚಿ ಮುಗಿಸಿದ್ದಳು. ಯಾರ ಮಗುವಿಗೆ ಹಲ್ಲು ಬರುತ್ತಿದೆ ಎಂಬುದೂ ಅವಳಿಗೆ ತಿಳಿದಿತ್ತು. ಉಳಿಸಿದ್ದ ಒಂದು ತುಂಡನ್ನು ಮಗಳ ಮುಂದೆ ಚಾಚಿದಳು. ಲೋರ್ನಾ ತೆಗೆದುಕೊಳ್ಳಲಿಲ್ಲ.

ಮುಂದೆ ನಗರದ ಗೆಳೆಯರ ಊಟದ ಮೇಜಿನಲ್ಲಿ ಇದನ್ನು ತಮಾಷೆಯ ಕತೆಯಾಗಿ ಎಷ್ಟೋ ಸಲ ಹೇಳಿದಳು. ಅವರು ಮೆಚ್ಚಿ ನಗುತ್ತಿದ್ದರು. ಅವಳಿಗೊಬ್ಬಳಿಗೇ ನಗು ಬರುತ್ತಿರಲಿಲ್ಲ.

* * *

ಹಿಂದಿನ ಕಾರಿನಿಂದ ಇಳಿದ ಟೊಯ್ವೊ ಮಾವ, ಹಿಲ್ಯಾಳ ತಮ್ಮ, ಕೋಲೂರುತ್ತ ಬಂದ. "ಏನ್ರೋ, ಅಕ್ಕನ್ನ ಬಿಸಿಲಲ್ಲಿ ಬಿಟ್ಟು ಎಲೆಕ್ಷನ್ ಶುರು ಮಾಡಿದ್ರಾ?"

"ಇವಳನ್ನ ಕೇಳು ಮಾವ."

"ಇವಳನ್ನೇನು ಕೇಳೋದು! ಇವಳ ಬೀದೀಲಿ ಮನೆಮನೆಗೂ ನಮ್ಮ ಯೂನಿಯನ್ ಪಕ್ಷದ ಬೋರ್ಡು, ಮನೆಮನೇಲೂ ಡಾಕ್ಟರೇಟು. ನಮ್ಮ ಬೀದೀಲಿ ಬೋರ್ಡು ನೆಟ್ಟಿದ್ದೋಳು ಹಿಲ್ಯಾ ಒಬ್ಬಳೇ. ಅದನ್ನ ನೆಡೋಕೆ ಗುಂಡಿ ತೋಡ್ಕೊಟ್ಟೋನು ಇವನು!"

"ಅಮ್ಮನ ಬೆನ್ನು ನೋಯ್ತಿತ್ತು, ತೋಡ್ಕೊಟ್ಟೆ," ಎಂದ ಡ್ವೇನ್. ಆಮೇಲೆ ಕೀಲಿಯನ್ನು ಅಕ್ಕನ ಅಂಗೈಯಲ್ಲಿಟ್ಟ. "ನೀನು ದೊಡ್ಡೋಳು. ನೀನು ಹೂಂ ಅಂದ್ರೆ ನಡೆಸ್ತೀನಿ."

ಲೋರ್ನಾ ತಿರುಗಿ ಗಾಜಿನಾಚೆ ನೋಡಿದಳು. ಪೆಟ್ಟಿಗೆಯ ಮೇಲೆ ಜೂನ್ ತಿಂಗಳ ಬಿಸಿಲು ಬಿದ್ದಿತ್ತು. ಗೇಟು ಹತ್ತು ಮಾರು ದೂರವೂ ಇರಲಿಲ್ಲ. ಈ ಸಲ ಅಮ್ಮ ಬೇಡ ಅನ್ನಲಾರಳು. ಕೀಲಿ ತಿರುವಿದರೆ ಸಾಕು, ಒಂದೇ ಒಂದು ಸಲ, ಮಗಳು ಕರೆದಳೆಂದು ಒಳಗೆ ಬರುತ್ತಾಳೆ.

ಕೀಲಿ ಮುಷ್ಟಿಯಲ್ಲೇ ಬೆಚ್ಚಗಾಯಿತು. ಬೇಡ ಅನ್ನಲಾರದವಳನ್ನು ಕರೆದೊಯ್ಯುವುದು ಕರೆದಂತೆ ಆಗುವುದಿಲ್ಲ ಅನ್ನಿಸಿತು.

"ಟ್ರೂಡಿ, ನೀವೆಲ್ಲ ಎಷ್ಟೊತ್ತಿಗೆ ಮನೆಗೆ ಹೊರಡೋದು?"

"ನಾಲ್ಕಕ್ಕೆ."

"ಹಾಗಾದ್ರೆ ನಾವು ನಾಲ್ಕಾದ ಮೇಲೆ ಹೂಳ್ತೀವಿ. ಮಾವಾ, ಚರ್ಚಲ್ಲಿ ಮಾಡಿಟ್ಟಿರೋ ಊಟ ಇಲ್ಲಿಗೇ ತರಿಸು."

"ಇಷ್ಟೂ ಜನಕ್ಕಾ?"

"ಅಮ್ಮನ ತಿಥಿ ಊಟ ಮಾವ. ಕಮ್ಮಿ ಮಾಡಿಸಿದೀವಾ?"

ಡ್ವೇನ್ ಅಕ್ಕನ ಕೈಯಿಂದ ಕೀಲಿ ತೆಗೆದುಕೊಂಡ. ಗಾಡಿಯನ್ನು ಮರದ ನೆರಳಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಹಿಂಬಾಗಿಲು ಇಳಿಸಿದ.

ಆಲೂಗಡ್ಡೆ, ಖೀಮಾ ಸೇರಿಸಿ ಬೇಯಿಸಿದ ಹಾಟ್‌ಡಿಶ್ ಬಂತು, ದೊಡ್ಡ ಕೊಳದಪ್ಪಲೆಯಲ್ಲಿ ಕಾಫಿ ಬಂತು. ಮುಷ್ಕರದವರು ಒಂದು ಕೈಯಲ್ಲಿ ಫಲಕ, ಇನ್ನೊಂದರಲ್ಲಿ ತಟ್ಟೆ ಹಿಡಿದು ಸುತ್ತು ಹಾಕಿದರು. ಪಾದ್ರಿ ಕೋಟು ಬಿಚ್ಚಿ ಹುಲ್ಲಿನ ಮೇಲೆ ಕಾಲು ಚಾಚಿದ. "ನಮ್ಮ ಸ್ಕೂಲಿನ ಬಟಾಣಿ ಪಲ್ಯ ಯಾರೂ ಮರೆತಿಲ್ಲ, ಅಷ್ಟು ಕೆಟ್ಟದಾಗಿರ್ತಿತ್ತು," ಎಂದು ಯಾರೋ ಅಂದರು. "ಎರಡನೇ ಸಲ ಹಾಕ್ಲಾ ಅಂತ ಬೇರೆ ಕೇಳೋರು!" ಎಂದಳು ಟ್ರೂಡಿ. ಪೆಟ್ಟಿಗೆಯ ಸುತ್ತ ನಗು ಎದ್ದಿತು.

ಡ್ವೇನ್ ಅಕ್ಕನ ಪಕ್ಕ ಹಿಂಬಾಗಿಲ ಮೇಲೆ ಹತ್ತಿ ಕೂತ. "ನಮ್ಮಂಥೋರು ಯಾಕೆ ಹಿಂಗೆ ವೋಟು ಹಾಕ್ತಾರೆ ಅಂತ ಕಾಲೇಜಲ್ಲಿ ಪಾಠ ಮಾಡ್ತೀಯಂತೆ?"

"ಮಾಡ್ತೀನಿ."

"ಏನಂತೆ ಕಾರಣ?"

"ಇನ್ನೂ ಸರಿಯಾಗಿ ಗೊತ್ತಾಗಿಲ್ಲ ಕಣೋ."

"ಸಂಬಳ ಮಾತ್ರ ಬರತ್ತೆ!"

ಲೋರ್ನಾ ಭುಜದಿಂದ ಅವನನ್ನು ದಬ್ಬಿದಳು. ಅವನ ತಟ್ಟೆಯ ಆಲೂಗಡ್ಡೆ ಅವಳ ಕಪ್ಪು ಉಡುಪಿನ ಮೇಲೆ ಉರುಳಿತು. ಅವಳು ಅದನ್ನೆತ್ತಿ ಬಾಯಿಗೆ ಹಾಕಿಕೊಂಡಳು.

ನಾಲ್ಕು ಹೊಡೆಯಿತು. ಮುಷ್ಕರದವರು ಫಲಕಗಳನ್ನು ಒಟ್ಟುಮಾಡಿ ವ್ಯಾನಿಗೆ ತುಂಬಿದರು, ತುಂಬಿ ತಿರುಗಿ ಕಾಫಿಗೆ ಬಂದರು. ಗೇಟು ಅಗಲವಾಗಿ ತೆರೆದಿತ್ತು. ಎದುರಿಗೆ ಒಬ್ಬರೂ ಇರಲಿಲ್ಲ. ಪಾದ್ರಿ ಕೋಟು ತೊಟ್ಟು, ಗಂಟಲು ಸರಿಪಡಿಸಿಕೊಂಡು ಲೋರ್ನಾಳ ಕಡೆ ನೋಡಿದ. ಅವಳು ಚಪ್ಪಲಿ ಕಳಚಿ, ಪೆಟ್ಟಿಗೆಗೆ ಬೆನ್ನು ಒರಗಿಸಿ, ಕಾಲು ಆಡಿಸುತ್ತ ಕೂತಿದ್ದಳು. "ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಇರ್ತೀವಿ," ಎಂದು ಖಾಲಿ ಲೋಟವನ್ನು ಟ್ರೂಡಿಯ ಕಡೆ ಚಾಚಿದಳು.