ಆನೆಲಾಯದ ಅತಿಥಿಗಳು

ಹೊಳೆಯ ದಂಡೆಯಲ್ಲಿ ಒಂದು ರಾಜ್ಯವಿತ್ತು. ಆಚೆ ದಡದ ಊರುಗಳನ್ನು ಮರಳು ನುಂಗಿದ ಮೇಲೆ ಅಲ್ಲಿನ ಜನ ದೋಣಿ ಹತ್ತಿ ಈಚೆಗೆ ಬರತೊಡಗಿದರು. ರಾಜ್ಯದವರು ಯಾರನ್ನೂ ಬೇಡವೆನ್ನಲಿಲ್ಲ. ಇಳಿದವರನ್ನೆಲ್ಲ ಹಳೆಯ ಆನೆಲಾಯದೊಳಗೆ ಬಿಟ್ಟು, ಹೊರಗಿನಿಂದ ಅಗಳಿ ಹಾಕಿ, ಬಾಗಿಲ ಮೇಲೆ ‘ಅತಿಥಿಶಾಲೆ’ ಎಂದು ಬರೆಸಿದರು.

ಮಾಳವ್ವ ಆ ಅತಿಥಿಗಳಲ್ಲಿ ಒಬ್ಬಳು. ಮರಳು ಬರುವ ಮೊದಲು ಗಂಡ ಲಚ್ಚಪ್ಪನ ಜೊತೆ ಹಗ್ಗ ಹೊಸೆದು ಬದುಕಿದವಳು. ಲಾಯದಲ್ಲಿ ಗಂಜಿಗಿಂತ ನೀರು ಹೆಚ್ಚು, ನೀರಿಗಿಂತ ಬೈಗುಳ ಹೆಚ್ಚು. ಇನ್ನೊಂದು ಸೌಟು ಗಂಜಿ ಕೇಳಿದ್ದಕ್ಕೆ ಜಮಾದಾರ ಭರಮಪ್ಪ ಲಚ್ಚಪ್ಪನ ಕಾಲು ಮುರಿದಿದ್ದ. ಅತಿಥಿಗಳಿಗೆಂದು ಅರಮನೆಯಿಂದ ಬರುವ ಅಕ್ಕಿ, ಬೆಲ್ಲ, ತುಪ್ಪವನ್ನೆಲ್ಲ ಭರಮಪ್ಪನೂ ಅವನ ಕಾವಲುಗಾರರೂ ತಾವೇ ತಿಂದು ಕುಂಬಳಕಾಯಿಗಳ ಹಾಗೆ ಮಿಂಚುತ್ತಿದ್ದರು.

ಸುದ್ದಿ ಹೇಗೋ ಗುಡ್ಡ ದಾಟಿ ಸುತ್ತಲಿನ ರಾಜ್ಯಗಳ ಒಕ್ಕೂಟವನ್ನು ಮುಟ್ಟಿತು. ವಲಸೆ ಬಂದವರನ್ನು ಹಿಂಸಿಸುವ ರಾಜ್ಯದೊಡನೆ ಯಾರೂ ಉಪ್ಪಿನ ವ್ಯಾಪಾರವನ್ನೂ ಮಾಡಕೂಡದೆಂಬುದು ಒಕ್ಕೂಟದ ಕಟ್ಟಳೆ. ಅದರ ಪರೀಕ್ಷಕ ಮರುದಿನವೇ ಬರುತ್ತಾನೆಂದು ತಿಳಿದು ಅರಮನೆಯಲ್ಲಿ ಗಡಿಬಿಡಿ ಎದ್ದಿತು. ಮಂತ್ರಿ ಲಾಯಕ್ಕೆ ಓಡಿಬಂದು ಒಳಗಿದ್ದವರ ಎಲುಬುಗಳನ್ನು ನೋಡಿದ.

“ಇವರನ್ನು ನಾಳೆಯೊಳಗೆ ದಪ್ಪ ಮಾಡಲು ಆಗುತ್ತದೆಯೇ?” ಎಂದು ಕೇಳಿದ.

“ಗಾಳಿ ಊದಬೇಕು, ಧಣಿ,” ಎಂದ ಭರಮಪ್ಪ.

ಮಂತ್ರಿಯ ಕಣ್ಣು ಭರಮಪ್ಪನ ಹೊಟ್ಟೆಯ ಮೇಲೆ ನಿಂತಿತು. ಅಲ್ಲಿಯೇ ಅವನಿಗೆ ಉಪಾಯ ಹೊಳೆಯಿತು. “ಬಟ್ಟೆ ಬಿಚ್ಚು,” ಎಂದ.

ಬೆಳಗಾಗುವಷ್ಟರಲ್ಲಿ ಕಾವಲುಗಾರರು ಚಿಂದಿಯುಟ್ಟು ಒಳಗೆ ಚಾಪೆಯ ಮೇಲೆ ಕುಳಿತಿದ್ದರು. ಅತಿಥಿಗಳು, ಹೆಂಗಸರೂ ಸೇರಿ, ಕಾವಲುಗಾರರ ಚೊಣ್ಣ, ಅಂಗಿ, ಪೇಟ ತೊಟ್ಟು ಹೊರಗೆ ನಿಂತಿದ್ದರು. ಭರಮಪ್ಪನ ಚೊಣ್ಣದಲ್ಲಿ ಮಾಳವ್ವನಂಥವರು ಮೂವರು ಹಿಡಿಸುತ್ತಿದ್ದರು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. ಪೇಟ ಕಣ್ಣಿಗೆ ಇಳಿದು ಲಚ್ಚಪ್ಪ ಗೋಡೆಗೆ ಸೆಲ್ಯೂಟ್ ಹೊಡೆದ. ಎಷ್ಟೋ ಕಾಲದ ಮೇಲೆ ಮಾಳವ್ವನಿಗೆ ನಗು ಬಂತು.

“ಕಾವಲುಗಾರರು ಇಷ್ಟು ಬಡಕಲಾಗಿದ್ದರೆ ಅನುಮಾನ ಬರುವುದಿಲ್ಲವೇ?” ಎಂದು ಕರಣಿಕನೊಬ್ಬ ಪಿಸುಗುಟ್ಟಿದ.

“ತಮ್ಮವರನ್ನು ಉಪವಾಸ ಕೆಡವಿ ಅತಿಥಿಗಳಿಗೆ ಉಣಿಸುತ್ತಾರೆ ಎಂದು ಪರೀಕ್ಷಕ ಹೊಗಳುತ್ತಾನೆ,” ಎಂದ ಮಂತ್ರಿ. ಆಮೇಲೆ ಮಾಳವ್ವನ ಕಡೆಗೆ ತಿರುಗಿದ. “ನಾವೇ ಅತಿಥಿಗಳು ಎಂದು ಯಾರಾದರೂ ಬಾಯಿಬಿಟ್ಟರೆ ನಾಳೆಯಿಂದ ಗಂಜಿಯಲ್ಲಿ ನೀರೂ ಇರುವುದಿಲ್ಲ.”

ಪರೀಕ್ಷಕ ಬಂದ. ಸಣ್ಣ ಆಳು, ದೊಡ್ಡ ಕನ್ನಡಕ. ಮೊದಲು ಒಳಗೆ ಹೋದ.

“ಊಟ ಹೇಗಿದೆ?”

“ಹೋಳಿಗೆಗೆ ತುಪ್ಪ ಸ್ವಲ್ಪ ಕಡಿಮೆ,” ಎಂದ ಭರಮಪ್ಪ. ಅವನು ಬಾಯಿಪಾಠ ಮಾಡಿದ್ದು ಬೇರೆ ಉತ್ತರವನ್ನು, ಆದರೆ ಮನಸ್ಸಿನಲ್ಲಿದ್ದದ್ದು ಹೊರಗೆ ಬಂದುಬಿಟ್ಟಿತು.

“ಯಾರಾದರೂ ಹೊಡೆಯುತ್ತಾರೆಯೇ?”

“ನಮ್ಮನ್ನೇ?” ಭರಮಪ್ಪ ಹೊಟ್ಟೆ ಕುಣಿಸಿ ನಕ್ಕ. ಉಳಿದವರೂ ನಕ್ಕರು.

ಪರೀಕ್ಷಕ ಹುಬ್ಬು ಗಂಟಿಕ್ಕಿ ಹೊರಗೆ ಬಂದ. ಸಾಲಾಗಿ ನಿಂತವರ ಕೆನ್ನೆಯ ಗುಳಿ, ಕೊರಳ ಮೂಳೆ ನೋಡುತ್ತ ಲಚ್ಚಪ್ಪನ ಮುಂದೆ ನಿಂತ.

“ಕಾಲಿಗೆ ಏನಾಯಿತು?”

ಲಚ್ಚಪ್ಪ ಹೆಂಡತಿಯ ಮುಖ ನೋಡಿದ. ಮಾಳವ್ವನಿಗೆ ಮಂತ್ರಿಯ ಮಾತು ನೆನಪಾಯಿತು. ತಾನು ಯಾರೆಂದು ಮಾತ್ರ ಹೇಳಕೂಡದು. ಉಳಿದದ್ದನ್ನು ಹೇಳಬೇಡ ಎಂದವರಿಲ್ಲ. ಹಾಗೆ ಅನ್ನಿಸಿದ ಕೂಡಲೇ ಅವಳ ತಲೆ ಹಗುರಾಯಿತು.

“ಹೊಡೆದು ಮುರಿದರು, ಸ್ವಾಮಿ,” ಎಂದಳು.

“ಯಾರು?”

“ಒಳಗೆ ತುಪ್ಪ ಸಾಲದು ಅಂದನಲ್ಲ, ಅವನೇ.”

ಮಂತ್ರಿಗೆ ಕೆಮ್ಮು ಹತ್ತಿತು.

“ನಿಮ್ಮ ಪಾಲಿನ ಊಟ?”

“ಅದನ್ನೂ ಒಳಗಿನವರೇ ತಿಂದರು.”

ಸಾಲಿನಲ್ಲಿದ್ದವರಿಗೆ ಧೈರ್ಯ ಬಂತು. ಒಬ್ಬಳು ಬೆನ್ನಿನ ಬಾಸುಂಡೆ ತೋರಿಸಿದಳು, ಇನ್ನೊಬ್ಬ ಕಿತ್ತುಹೋದ ಉಗುರು ತೋರಿಸಿದ. ಯಾರು ಎಂದು ಕೇಳಿದಾಗಲೆಲ್ಲ ಬೆರಳುಗಳು ಲಾಯದೊಳಕ್ಕೆ ತಿರುಗಿದವು. ಒಂದೇ ಒಂದು ಸುಳ್ಳಿಲ್ಲ. ಮಾಳವ್ವನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಚೊಣ್ಣ ಕೈಜಾರಿತು, ಅವಳು ಮತ್ತೆ ಹಿಡಿದುಕೊಂಡಳು.

ಪರೀಕ್ಷಕ ಕನ್ನಡಕ ಒರೆಸಿಕೊಂಡು ಮಂತ್ರಿಗೆ ಹೇಳಿದ: “ಅತಿಥಿಗಳು ಕಾವಲುಗಾರರನ್ನು ಹೀಗೆ ಬಡಿದು ಅವರ ಊಟವನ್ನೂ ತಿನ್ನುವುದನ್ನು ನಾನು ಎಲ್ಲಿಯೂ ಕಂಡಿರಲಿಲ್ಲ. ಈ ದುಷ್ಟರ ವಿಚಾರಣೆ ಒಕ್ಕೂಟದಲ್ಲೇ ಆಗಬೇಕು.”

“ನಾನು ಅತಿಥಿಯಲ್ಲ, ನಾನು ಇಲ್ಲಿಯ ಜಮಾದಾರ,” ಎಂದು ಭರಮಪ್ಪ ಒಳಗಿನಿಂದ ಬಾಗಿಲು ಬಡಿದ. “ಧಣಿ, ಇವರಿಗೆ ನೀವಾದರೂ ಹೇಳಿ.”

ಹೇಳಿದರೆ ಉಪ್ಪೂ ಹೋಯಿತು, ರಾಜ್ಯದ ಮಾನವೂ ಹೋಯಿತು. ಮಂತ್ರಿ ಬಾಗಿಲಿಗೆ ಬೆನ್ನು ತಿರುಗಿಸಿದ.

“ಇವನು ಯಾರೋ ನನಗೆ ಗೊತ್ತಿಲ್ಲ,” ಎಂದ.

ಒಕ್ಕೂಟದ ಗಾಡಿಗಳು ಒಳಗಿನವರನ್ನು ತುಂಬಿಕೊಂಡು ಹೋದವು. ಹೊರಗಿದ್ದವರಿಗೆ ಹೊಟ್ಟೆ ತುಂಬ ಊಟ, ಲಚ್ಚಪ್ಪನಿಗೆ ವೈದ್ಯ, ಎಲ್ಲರಿಗೂ ಅಳತೆಗೆ ಸರಿಯಾದ ಸಮವಸ್ತ್ರ ಕೊಡಬೇಕೆಂದು ಅಪ್ಪಣೆಯಾಯಿತು. ಆ ದಿನ ಅಂಗಳದಲ್ಲಿ ಹಾಡು, ಕುಣಿತ. ಲಚ್ಚಪ್ಪ ಒಂಟಿಕಾಲಿನಲ್ಲಿ ಕುಣಿದು ಬಿದ್ದ. ಎತ್ತಲು ಹೋದವರೂ ನಗುತ್ತ ಅವನ ಮೇಲೆ ಬಿದ್ದರು. ಮಾಳವ್ವ ಜಮಾದಾರಳಾದಳು.

ಅತಿಥಿಗಳು ಕಾವಲುಗಾರರಿಗಿಂತ ದಪ್ಪಗಿರುವ ರಾಜ್ಯ ಇದೊಂದೇ ಎಂದು ಒಕ್ಕೂಟ ಸಾರಿತು. ಉಳಿದ ರಾಜ್ಯಗಳಿಗೆ ಬಹಳ ಸಂತೋಷವಾಯಿತು. ಅವು ತಮ್ಮ ತಮ್ಮ ಲಾಯಗಳಲ್ಲಿ ಕೂಡಿಹಾಕಿದ್ದ ಆಚೆ ದಡದವರನ್ನೆಲ್ಲ ದೋಣಿಗಳಿಗೆ ಹತ್ತಿಸಿ ಇಲ್ಲಿಗೇ ಕಳಿಸಿದವು. ಹೊಳೆಯ ತುಂಬ ದೋಣಿಗಳನ್ನು ಕಂಡು ಮಂತ್ರಿ ಹಾಸಿಗೆ ಹಿಡಿದ.

ಮಾಳವ್ವ ಮಾತ್ರ ಇಸ್ತ್ರಿ ಮಾಡಿದ ಹೊಸ ಸಮವಸ್ತ್ರ ತೊಟ್ಟು ದಡಕ್ಕೆ ಓಡಿದಳು. ಇವರಿಗೆ ಮೊದಲು ಬಿಸಿ ಅನ್ನ ಬಡಿಸಬೇಕು, ಆಮೇಲೆ ಆಚೆ ದಡದ ಸುದ್ದಿ ಕೇಳಬೇಕು ಎಂದು ಅವಳಿಗೆ ಅವಸರ. ಮೊದಲ ದೋಣಿಯಿಂದ ಒಬ್ಬ ಮುದುಕಿ ಇಳಿಯುತ್ತಿದ್ದಳು. ಮಾಳವ್ವ ನಗುನಗುತ್ತ ಅವಳಿಗೆ ಕೈ ಚಾಚಿದಳು.

ಮುದುಕಿ ಮುದುಡಿಕೊಂಡು, ಎರಡೂ ತೋಳನ್ನು ಮುಖಕ್ಕೆ ಅಡ್ಡ ಹಿಡಿದಳು.

ಯಾರನ್ನು ಕಂಡು ಹೆದರಿದಳೋ ಎಂದು ಮಾಳವ್ವ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.